ಐರ್ಲೆಂಡಿನ ಚೆಂಡಾಟ: ನೂರು ವರ್ಷದ ಒಂದು ನೆನಪು



ಡಬ್ಲಿನ್ ನಗರದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ದೂರವಾಣಿಯಲ್ಲಿ ಮಾತನಾಡುತ್ತ, "ಮೇಷ್ಟ್ರೇ, ಇಲ್ಲಿಯವರಿಗೆ ಗೇಲಿಕ್ ಫುಟ್‌ಬಾಲ್ ಎಂದರೆ ಪ್ರಾಣ. ಆದರೆ ಆಡುವವರಿಗೆ ಸಂಬಳವೇ ಇಲ್ಲ!" ಎಂದು ಅಚ್ಚರಿಪಟ್ಟ. ಇತಿಹಾಸದ ಪಾಠ ಹೇಳಿ ರೂಢಿಯಾದವನಿಗೆ ಅಷ್ಟು ಸಾಕಾಯಿತು. ಆ ಆಟದ ಕಥೆಯನ್ನು ಇಂದು ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇನೆ.

ಈ ಆಟದಲ್ಲಿ ತಂಡಕ್ಕೆ 15 ಮಂದಿ. ಚೆಂಡನ್ನು ಕೈಯಲ್ಲಿ ಹಿಡಿಯಬಹುದು, ಕಾಲಿನಿಂದ ಒದೆಯಬಹುದು, ಮುಷ್ಟಿಯಿಂದ ಗುದ್ದಿ ಜೊತೆಗಾರನಿಗೆ ದಾಟಿಸಬಹುದು. ಎರಡು ಕಂಬಗಳ ನಡುವಣ ಅಡ್ಡಪಟ್ಟಿಯ ಕೆಳಗೆ ಬಲೆಯನ್ನು ಸೇರಿದರೆ ಗೋಲು, ಅಂದರೆ 3 ಅಂಕ. ಪಟ್ಟಿಯ ಮೇಲಿನಿಂದ ಹಾದುಹೋದರೆ 1 ಅಂಕ. 2025ರಿಂದ, ದೂರದಿಂದ ಒದ್ದದ್ದಾದರೆ 2 ಅಂಕ.

ಐರ್ಲೆಂಡ್ ಬ್ರಿಟಿಷರ ಆಳ್ವಿಕೆಯಲ್ಲಿದ್ದಾಗ, ದೇಸಿ ಆಟಗಳು ಅಳಿಯಬಾರದೆಂದು ಪಣತೊಟ್ಟವನು ಮೈಕೇಲ್ ಕ್ಯೂಸಾಕ್. ಆತ ವೃತ್ತಿಯಿಂದ ಉಪಾಧ್ಯಾಯನೆಂಬುದು ನನಗೊಂದು ಹೆಮ್ಮೆ! 1884ರ ನವೆಂಬರ್ 1ರಂದು ಟಿಪ್ಪರೆರಿ ಕೌಂಟಿಯ ಥರ್ಲಸ್ ಪಟ್ಟಣದ ಹೋಟೆಲೊಂದರಲ್ಲಿ ಆತನೂ ಮಾರಿಸ್ ಡೇವಿನ್ ಮೊದಲಾದವರೂ ಸೇರಿ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ನನ್ನು ಸ್ಥಾಪಿಸಿದರು. 1887ರಲ್ಲಿ ಅಖಿಲ ಐರ್ಲೆಂಡ್ ಚಾಂಪಿಯನ್‌ಷಿಪ್ ಆರಂಭವಾಯಿತು. ಆಗ ತಂಡಕ್ಕೆ 21 ಮಂದಿ. ಮೊದಲ ಪ್ರಶಸ್ತಿ ಲಿಮರಿಕ್ ಕೌಂಟಿಯ ಪಾಲಾಯಿತು.

ಆಟವು ನಾಡಿನ ಸ್ವಾಭಿಮಾನದೊಡನೆ ಬೆರೆತದ್ದಕ್ಕೆ ತೆತ್ತ ಬೆಲೆ ಘೋರವಾದದ್ದು. ಸ್ವಾತಂತ್ರ್ಯ ಸಮರದ ಕಾಲದಲ್ಲಿ, 1920ರ ನವೆಂಬರ್ 21ರ ಭಾನುವಾರ ಬೆಳಿಗ್ಗೆ, ಡಬ್ಲಿನ್‌ನಲ್ಲಿ ಬ್ರಿಟಿಷ್ ಗುಪ್ತಚರ ಅಧಿಕಾರಿಗಳ ಹತ್ಯೆಗಳು ನಡೆದವು. ಅದೇ ಮಧ್ಯಾಹ್ನ ಕ್ರೋಕ್ ಪಾರ್ಕ್ ಮೈದಾನದಲ್ಲಿ ಡಬ್ಲಿನ್ ಮತ್ತು ಟಿಪ್ಪರೆರಿ ತಂಡಗಳ ಸ್ನೇಹಪಂದ್ಯವಿತ್ತು. ಸರಕಾರಿ ಪಡೆಗಳು ಒಳನುಗ್ಗಿ ಗುಂಡಿನ ಮಳೆಗರೆದವು. ಒಟ್ಟು 14 ಮಂದಿ ಪ್ರಾಣತೆತ್ತರು. ಅವರಲ್ಲಿ ಟಿಪ್ಪರೆರಿಯ ಆಟಗಾರ ಮೈಕೇಲ್ ಹೋಗನ್ ಒಬ್ಬ. 10, 11 ಮತ್ತು 14 ವರ್ಷದ ಮೂವರು ಬಾಲಕರೂ ಇದ್ದರು. ಆ ವಯಸ್ಸಿನ ಮಕ್ಕಳ ನಡುವೆಯೇ ಬಾಳು ಸವೆಸಿದ ನನಗೆ ಈ ಅಂಕೆಗಳನ್ನು ಬರೆಯುವಾಗ ಕೈ ತಡೆಯುತ್ತದೆ.

ಇದಕ್ಕೆ 19 ತಿಂಗಳ ಹಿಂದೆಯಷ್ಟೇ ನಮ್ಮ ಜಲಿಯನ್‌ವಾಲಾ ಬಾಗಿನ ದುರಂತ ನಡೆದಿತ್ತು. ಅಂದು ಡಯರ್‌ನ ಕೃತ್ಯವನ್ನು ಸಮರ್ಥಿಸಿದ ಪಂಜಾಬಿನ ಲೆಫ್ಟಿನೆಂಟ್ ಗವರ್ನರ್ ಮೈಕೇಲ್ ಒಡ್ವಯರ್ ಹುಟ್ಟಿದ್ದು ಇದೇ ಟಿಪ್ಪರೆರಿಯಲ್ಲಿ. ಇತಿಹಾಸದ ವ್ಯಂಗ್ಯವೆಂದರೆ ಇದೇ ಅಲ್ಲವೇ?

ಯುದ್ಧದಿಂದಾಗಿ 1920ರ ಚಾಂಪಿಯನ್‌ಷಿಪ್‌ನ ಅಂತಿಮ ಪಂದ್ಯ ನಡೆದದ್ದು 1922ರ ಜೂನ್‌ನಲ್ಲಿ. ಎದುರಾದವರು ಅದೇ ಎರಡು ತಂಡಗಳು, ಮೈದಾನವೂ ಅದೇ. ಗೆದ್ದದ್ದು ಟಿಪ್ಪರೆರಿ. ಮುಂದೆ ಅಲ್ಲಿನ ಪ್ರೇಕ್ಷಕರ ಗ್ಯಾಲರಿಯೊಂದಕ್ಕೆ ಹೋಗನ್‌ನ ಹೆಸರಿಟ್ಟರು.

ದೇಶ ವಿಭಜನೆಯಾದರೂ ಚಾಂಪಿಯನ್‌ಷಿಪ್ ವಿಭಜನೆಯಾಗಲಿಲ್ಲ. ಗಡಿಯ ಎರಡೂ ಕಡೆಯ ಕೌಂಟಿಗಳು ಅದರಲ್ಲಿ ಉಳಿದವು. ಕಾರ್ಕ್ ಕೌಂಟಿಯ ಸ್ವಾತಂತ್ರ್ಯ ಹೋರಾಟಗಾರ ಸ್ಯಾಮ್ ಮಗ್ವಾಯರ್‌ನ ಸ್ಮರಣೆಗೆ 1928ರಲ್ಲಿ ಬಂದ ಕಪ್ಪನ್ನು ಮೊದಲು ಎತ್ತಿದ್ದು ಕಿಲ್ಡೇರ್. 1960ರಲ್ಲಿ ಡೌನ್ ತಂಡ ಅದನ್ನು ಮೊದಲ ಬಾರಿಗೆ ಉತ್ತರ ಐರ್ಲೆಂಡಿಗೆ ಒಯ್ದಿತು. 2025ರ ಗೆಲುವೂ ಸೇರಿ 39 ಪ್ರಶಸ್ತಿಗಳೊಡನೆ ಕೆರಿ ಕೌಂಟಿ ಅಗ್ರಸ್ಥಾನದಲ್ಲಿದೆ. 2015ರಿಂದ 2020ರ ವರೆಗೆ ಸತತ ಆರು ಬಾರಿ ಗೆದ್ದ ಕೀರ್ತಿ ಡಬ್ಲಿನ್‌ನದು. ಆದರೂ ಆಟಗಾರರು ಇಂದಿಗೂ ಶಾಲೆಗೋ ಹೊಲಕ್ಕೋ ಕಚೇರಿಗೋ ಹೋಗಿ ದುಡಿಯುವವರೇ. ಸಾಮಾನ್ಯವಾಗಿ ತಮ್ಮ ಹುಟ್ಟೂರಿನ ಕೌಂಟಿಗಾಗಿಯೇ ಆಡುವವರು.

ಕೊನೆಯದಾಗಿ ಒಂದು ಸಂಗತಿ. 2020ರಲ್ಲಿ, ಕೋವಿಡ್ ಕಾಲದ ಪ್ರೇಕ್ಷಕರಿಲ್ಲದ ಮೈದಾನಗಳಲ್ಲಿ ಪಂದ್ಯಗಳು ನಡೆದವು. ನವೆಂಬರ್ 22ರಂದು, ಅಂದರೆ ಆ ಕರಾಳ ಭಾನುವಾರಕ್ಕೆ ನೂರು ವರ್ಷ ತುಂಬಿದ ಮರುದಿನ, ಟಿಪ್ಪರೆರಿಯ ಹುಡುಗರು ಹೋಗನ್‌ನ ತಂಡ ಧರಿಸಿದ್ದ ಬಿಳಿ-ಹಸಿರು ಅಂಗಿಯ ಮಾದರಿಯನ್ನೇ ತೊಟ್ಟು ಕಾರ್ಕ್ ತಂಡವನ್ನು ಸೋಲಿಸಿ ಮನ್‌ಸ್ಟರ್ ಪ್ರಾಂತ್ಯದ ಪ್ರಶಸ್ತಿ ಗೆದ್ದರು. 1935ರ ನಂತರ ಅವರಿಗೆ ದಕ್ಕಿದ ಮೊದಲ ಪ್ರಾಂತೀಯ ಪ್ರಶಸ್ತಿಯದು. ಆ ವರ್ಷ ಉಪಾಂತ್ಯ ತಲುಪಿದ ಡಬ್ಲಿನ್, ಮೇಯೋ, ಕ್ಯಾವನ್, ಟಿಪ್ಪರೆರಿ ತಂಡಗಳೇ 1920ರಲ್ಲಿಯೂ ಆ ಹಂತ ತಲುಪಿದ್ದವು! ಟಿಪ್ಪರೆರಿ ಅಲ್ಲಿ ಮೇಯೋಗೆ ಸೋತಿತು. ಆದರೆ ಆ ಅಂಗಿಯನ್ನು ಅವರು ತೊಟ್ಟದ್ದು ಕಪ್ಪಿಗಾಗಿ ಮಾತ್ರವಲ್ಲ, ತಮ್ಮ ಊರಿನ ಒಬ್ಬ ಹುಡುಗನನ್ನು ನೆನೆಯಲು.

ಸಂಬಳವಿಲ್ಲದೆ ಏಕೆ ಆಡುತ್ತಾರೆಂದು ಕೇಳಿದ ನನ್ನ ವಿದ್ಯಾರ್ಥಿಗೆ ಇದೇ ನನ್ನ ಉತ್ತರ.

ಇಂತು ನಿಮ್ಮ,
ಮೇಷ್ಟ್ರು