ಕಿಲ್ ಫೈಲ್‌ನಿಂದ ಸ್ಕೋರ್ ಫೈಲ್‌ಗೆ: ಬೆಂಗಳೂರಿನ ನ್ಯೂಸ್‌ಗ್ರೂಪ್ ಓದಿನ ಚರಿತ್ರೆ

ಯೂಸ್‌ನೆಟ್‌ಗೆ ಒಡೆಯನಿರಲಿಲ್ಲ. 1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಯೋಚಿಸಿ, ಮರುವರ್ಷ ಬಳಕೆಗೆ ಬಂದ ಈ ಏರ್ಪಾಡಿನಲ್ಲಿ ಒಂದು ಕಂಪ್ಯೂಟರಿಗೆ ಬಂದ ಸಂದೇಶ ನೆರೆಯ ಕಂಪ್ಯೂಟರಿಗೆ, ಅಲ್ಲಿಂದ ಮತ್ತೊಂದಕ್ಕೆ ನಕಲಾಗುತ್ತ ಹೋಗುತ್ತಿತ್ತು. ಸಂದೇಶಗಳನ್ನು ವಿಷಯವಾರು ವಿಂಗಡಿಸಿದ ಕಂತೆಗಳೇ ನ್ಯೂಸ್‌ಗ್ರೂಪ್‌ಗಳು. ಕೆಲವು ಗುಂಪುಗಳಿಗೆ ಮಾತ್ರ ಮೇಲ್ವಿಚಾರಕರಿದ್ದರು. ಉಳಿದವುಗಳಲ್ಲಿ ಯಾರು ಏನು ಬರೆದರೂ ಎಲ್ಲರ ಮುಂದೆ ಬಂದು ಬೀಳುತ್ತಿತ್ತು. ಹೀಗಾಗಿ ಸಂಪಾದಕ ಮಾಡಬೇಕಾದ ಕೆಲಸ ಓದುಗನ ಹೆಗಲಿಗೇ ಬಂತು. ಯಾವುದನ್ನು ಓದಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಓದುಗ ತನ್ನ ಯಂತ್ರಕ್ಕೆ ಬರೆದುಕೊಡುವ ಪದ್ಧತಿ ಹುಟ್ಟಿದ್ದು ಇದರಿಂದ. ಅದರ ಮೊದಲ ರೂಪ ಕಿಲ್ ಫೈಲ್, ಬೆಳೆದ ರೂಪ ಸ್ಕೋರ್ ಫೈಲ್.

ಕರ್ನಾಟಕದಲ್ಲಿ ಜಾಲದ ಬಾಗಿಲು ಮೊದಲು ತೆರೆದ ಸ್ಥಳಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮುಖ್ಯವಾದುದು. ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ 1986ರಲ್ಲಿ ಆರಂಭಿಸಿದ ಅರ್ನೆಟ್ ಎಂಬ ಶಿಕ್ಷಣ-ಸಂಶೋಧನಾ ಜಾಲದ ಯೋಜನೆಯಲ್ಲಿ ಮುಂಬಯಿಯ ಎನ್‌ಸಿಎಸ್‌ಟಿ ಮತ್ತು ಐದು ಐಐಟಿಗಳ ಜತೆ ಈ ಸಂಸ್ಥೆಯೂ ಪಾಲುದಾರನಾಗಿತ್ತು. ಮುಂದೆ ಸಂಸ್ಥೆಯ ನಿರ್ದೇಶಕರಾದ ಅನುರಾಗ್ ಕುಮಾರ್ ಇಲ್ಲಿ ಅರ್ನೆಟ್‌ನ ಹೊಣೆ ಹೊತ್ತಿದ್ದರು. ದೇಶದ ಹೊರಗಿನ ಸಂಪರ್ಕ ಮುಂಬಯಿಯ ಮೂಲಕ. 1980ರ ದಶಕದ ಕೊನೆಗೆ ಅಮೆರಿಕಕ್ಕೆ ಇದ್ದ ಆ ಕೊಂಡಿಯ ವೇಗ ಸೆಕೆಂಡಿಗೆ 9.6 ಕಿಲೋಬಿಟ್. ಹಗಲಿರುಳು ಬಿಡುವಿಲ್ಲದೆ ಹರಿದರೂ ದಿನಕ್ಕೆ ಸುಮಾರು 100 ಮೆಗಾಬೈಟ್‌ಗಿಂತ ಹೆಚ್ಚು ಸಾಗದ ಆ ದಾರಿಯಲ್ಲೇ ಎಲ್ಲ ಸಂಸ್ಥೆಗಳ ಇ-ಮೇಲ್ ಕೂಡ ಬರಬೇಕಿತ್ತು.

ಆದ್ದರಿಂದ ಮೊದಲ ಆಯ್ಕೆ ನಡೆಯುತ್ತಿದ್ದುದು ಓದುಗನ ಪರದೆಯ ಮೇಲಲ್ಲ, ಸರ್ವರ್‌ನಲ್ಲಿ. ಸಿ ನ್ಯೂಸ್‌ನಂಥ ತಂತ್ರಾಂಶದಲ್ಲಿ ಯಾವ ಗುಂಪುಗಳನ್ನು ಬರಮಾಡಿಕೊಳ್ಳಬೇಕು, ಯಾವುದನ್ನು ಮುಂದೆ ಕಳಿಸಬೇಕು, ಬಂದದ್ದನ್ನು ಎಷ್ಟು ದಿನ ಡಿಸ್ಕ್‌ನಲ್ಲಿ ಇಡಬೇಕು ಎಂಬುದನ್ನೆಲ್ಲ ನಿರ್ವಾಹಕ ಕೆಲವೇ ಸಾಲುಗಳಲ್ಲಿ ಬರೆದಿಡುತ್ತಿದ್ದ. ಯೂಸ್‌ನೆಟ್‌ನ ಚರಿತ್ರೆಗಳು ಸಾಮಾನ್ಯವಾಗಿ ಓದುಗನ ನಿಯಮಗಳಿಂದಲೇ ಕಥೆ ಶುರುಮಾಡುತ್ತವೆ. ತೆಳುವಾದ ತಂತಿಯ ತುದಿಯಲ್ಲಿದ್ದ ಊರುಗಳಿಗೆ ಆ ಕ್ರಮ ಒಗ್ಗುವುದಿಲ್ಲ. ಅಂಥ ಊರುಗಳಲ್ಲಿ ಓದುಗನನ್ನು ಮೊದಲು ಕಾಡಿದ್ದು ಕೊರತೆ. ಅತಿಯಾದದ್ದರ ಕಾಟ ಬಂದದ್ದು ಆಮೇಲೆ.

ಓದುಗನ ಕೈಗೆ ನಿಯಮ ಬಂದದ್ದು ಲ್ಯಾರಿ ವಾಲ್ 1984ರಲ್ಲಿ ಬರೆದ ಆರ್‌ಎನ್ ಎಂಬ ತಂತ್ರಾಂಶದಿಂದ. ಪರ್ಲ್ ಭಾಷೆಯನ್ನು ಮುಂದೆ ರೂಪಿಸಿದವರೂ ಇವರೇ. ಆರ್‌ಎನ್‌ನಲ್ಲಿ ಓದುತ್ತಿರುವಾಗ ದೊಡ್ಡ ಕೆ ಒತ್ತಿದರೆ ಅದೇ ಶೀರ್ಷಿಕೆಯ ಸಂದೇಶಗಳೆಲ್ಲ ಓದಿ ಮುಗಿಸಿದವೆಂದು ಗುರುತಾಗುತ್ತಿದ್ದವು, ಶೀರ್ಷಿಕೆಯೂ ಕಿಲ್ ಫೈಲಿಗೆ ಸೇರುತ್ತಿತ್ತು. ಪ್ರತಿ ಗುಂಪಿಗೂ ಒಂದು ಕಿಲ್ ಫೈಲ್, ಎಲ್ಲ ಗುಂಪುಗಳಿಗೂ ಅನ್ವಯಿಸುವ ಇನ್ನೊಂದು. ಒಂದೊಂದು ಸಾಲಿನಲ್ಲೂ ಹುಡುಕಬೇಕಾದ ಪದವಿನ್ಯಾಸ, ಅದು ಸಿಕ್ಕರೆ ಮಾಡಬೇಕಾದ ಕೆಲಸ. ಶೀರ್ಷಿಕೆಯಲ್ಲಿ ಮಾತ್ರ ಹುಡುಕಿದರೆ ಕೆಲಸ ಬೇಗ ಮುಗಿಯುತ್ತಿತ್ತು. ಸಂದೇಶದ ಒಡಲಲ್ಲೂ ಹುಡುಕು ಎಂದರೆ ಪ್ರತಿಯೊಂದನ್ನೂ ತೆರೆದು ನೋಡಬೇಕಾದ್ದರಿಂದ ಯಂತ್ರ ತಡವರಿಸುತ್ತಿತ್ತು. ಜಾಣ ಓದುಗರು ಇದನ್ನು ತಲೆಕೆಳಗು ಮಾಡಿಯೂ ಬಳಸಿದರು. ಮೊದಲ ಸಾಲಿನಲ್ಲಿ ಎಲ್ಲವನ್ನೂ ಅಳಿಸುವುದು, ಮುಂದಿನ ಸಾಲುಗಳಲ್ಲಿ ಬೇಕಾದ ನಾಲ್ಕು ವಿಷಯಗಳನ್ನು ಮಾತ್ರ ಉಳಿಸಿಕೊಳ್ಳುವುದು. ಡೆನ್ಮಾರ್ಕಿನ ಕಿಮ್ ಸ್ಟಾರ್ಮ್ ಬರೆದ ಎನ್ಎನ್ ಇನ್ನೊಂದು ವಿವೇಕವನ್ನು ಸೇರಿಸಿತು: ಬೇರೆ ಹೇಳದಿದ್ದರೆ ಪ್ರತಿ ಕಿಲ್ ನಿಯಮವೂ 30 ದಿನಕ್ಕೆ ತಾನಾಗಿ ರದ್ದಾಗುತ್ತಿತ್ತು. ಜಗಳಗಳು ತಣ್ಣಗಾಗುತ್ತವೆ ಎಂಬುದು ತಿಳಿದವರ ಲೆಕ್ಕಾಚಾರವಿದು.

ಭಾರತೀಯರ ಹರಟೆಗೆ ಮೊದಲಿದ್ದ ನೆಟ್.ಎನ್‌ಲ್ಯಾಂಗ್.ಇಂಡಿಯಾ ಗುಂಪು ಗುಂಪುಗಳ ಹೆಸರುಗಳನ್ನು ಒಟ್ಟಾಗಿ ಬದಲಿಸಿದ 1986-87ರ ಮಹಾ ಮರುನಾಮಕರಣದಲ್ಲಿ ಸಾಕ್.ಕಲ್ಚರ್.ಇಂಡಿಯನ್ ಆಯಿತು. ಮುಂದೆ ಕನ್ನಡಿಗರಿಗೆಂದೇ ಸಾಕ್.ಕಲ್ಚರ್.ಇಂಡಿಯನ್.ಕರ್ನಾಟಕ ಬಂತು. ಆಗಿನ ಸಂದೇಶಗಳು ಏಳು ಬಿಟ್‌ನ ಆಸ್ಕಿ ಅಕ್ಷರಗಳಿಗೆ ಕಟ್ಟುಬಿದ್ದಿದ್ದರಿಂದ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕಿತ್ತು. ನಿಯಮ ಬರೆಯುವ ಕನ್ನಡಿಗನಿಗೆ ಇದೊಂದು ವಿಶೇಷ ತೊಡಕು. ಆ ಎಂಬ ದೀರ್ಘ ಸ್ವರಕ್ಕೆ ಒಬ್ಬರು ಎ ಅಕ್ಷರವನ್ನು ಎರಡು ಸಲ ಬರೆದರೆ ಇನ್ನೊಬ್ಬರು ದೊಡ್ಡ ಎ ಹಾಕುವರು, ಮತ್ತೊಬ್ಬರು ದೀರ್ಘವನ್ನೇ ಮರೆಯುವರು. ಲಕಾರಕ್ಕೆ ಸಣ್ಣ ಎಲ್, ಳಕಾರಕ್ಕೆ ದೊಡ್ಡ ಎಲ್ ಎಂಬ ರೂಢಿಯಂತೂ ಕಿಲ್ ಫೈಲಿನ ಸ್ವಭಾವಕ್ಕೇ ವಿರುದ್ಧವಾಗಿತ್ತು. ಬೇರೆಯಾಗಿ ಸೂಚಿಸದಿದ್ದರೆ ಆರ್‌ಎನ್ ಸಣ್ಣ ಮತ್ತು ದೊಡ್ಡ ಅಕ್ಷರಗಳನ್ನು ಒಂದೇ ಎಂದು ಎಣಿಸುತ್ತಿತ್ತು. ಹಾಳು ಹರಟೆಯನ್ನು ತಡೆಯಲೆಂದು ಬರೆದ ನಿಯಮ ಹಾಲಿನ ದರದ ಸುದ್ದಿಯನ್ನೂ ಮರೆಮಾಡಿಬಿಡಬಹುದು. ಕನ್ನಡದ ಸಂದೇಶಗಳಿಗೆ ಬರೆಯುವ ನಿಯಮದಲ್ಲಿ ಒಂದೊಂದು ಅಕ್ಷರದ ಜಾಗಕ್ಕೂ ಎರಡು ಮೂರು ಪರ್ಯಾಯಗಳನ್ನು ಕೂಡಿಸಿ, ಅಕ್ಷರಭೇದ ಗಮನಿಸು ಎಂಬ ಗುರುತನ್ನೂ ಸೇರಿಸದೆ ವಿಧಿಯಿರಲಿಲ್ಲ.

ಕಿಲ್ ಫೈಲ್‌ಗೆ ಇದ್ದದ್ದು ಹೌದು, ಅಲ್ಲ ಎಂಬ ಎರಡೇ ಮಾತು. ಬೇಸರ ತರಿಸುವ ಲೇಖಕ ಒಂದೊಮ್ಮೆ ಒಳ್ಳೆಯ ವಿಷಯ ಬರೆದರೂ ಅದು ಓದುಗನ ಕಣ್ಣಿಗೆ ಬೀಳುತ್ತಿರಲಿಲ್ಲ. ಸ್ಕೋರಿಂಗ್ ಈ ಕೊರತೆಯನ್ನು ನೀಗಿತು. ಇದರಲ್ಲಿ ಪ್ರತಿ ನಿಯಮವೂ ಸಂದೇಶಕ್ಕೆ ಒಂದಿಷ್ಟು ಅಂಕ ಕೂಡಿಸುತ್ತದೆ ಅಥವಾ ಕಳೆಯುತ್ತದೆ; ಒಟ್ಟು ಮೊತ್ತ ನೋಡಿ ಸಂದೇಶ ಪಟ್ಟಿಯಲ್ಲಿ ಮೇಲೇರುತ್ತದೆ, ಕೆಳಗಿಳಿಯುತ್ತದೆ, ಇಲ್ಲವೇ ಮಾಯವಾಗುತ್ತದೆ. ಜಪಾನಿನ ಮಸಾನೊಬು ಉಮೆದಾ ಆರಂಭಿಸಿದ ಗ್ನೂಸ್ ತಂತ್ರಾಂಶವನ್ನು ನಾರ್ವೆಯ ಲಾರ್ಸ್ ಮ್ಯಾಗ್ನೆ ಇಂಗೆಬ್ರಿಗ್ಟ್‌ಸನ್ 1990ರ ದಶಕದ ನಡುವೆ ಹೊಸದಾಗಿ ಬರೆದಾಗ ಸ್ಕೋರಿಂಗ್ ಅದರ ಜೀವಾಳವಾಯಿತು. ಓದುಗ ಏನನ್ನು ಓದಿದ, ಏನನ್ನು ಓದದೆ ದಾಟಿದ ಎಂಬುದನ್ನು ಗಮನಿಸಿ ತಾನೇ ಅಂಕ ತಿದ್ದಿಕೊಳ್ಳುವ ಸೌಲಭ್ಯವೂ ಅದರಲ್ಲಿತ್ತು. ಜಾನ್ ಡೇವಿಸ್ ಬರೆದ ಎಸ್‌ಎಲ್‌ಆರ್‌ಎನ್‌ನ ಸ್ಕೋರ್ ಫೈಲ್ ಇನ್ನೂ ಸರಳ. ಚೌಕ ಆವರಣದೊಳಗೆ ಗುಂಪಿನ ಹೆಸರು, ಕೆಳಗೆ ಅಂಕ, ಅದರ ಕೆಳಗೆ ಶೀರ್ಷಿಕೆ, ಲೇಖಕ, ಸಾಲುಗಳ ಸಂಖ್ಯೆ ಮುಂತಾದ ಷರತ್ತುಗಳು. ಬೇಕಿದ್ದರೆ ನಿಯಮ ಮುಗಿಯುವ ತಾರೀಖು. ಋಣ 9999 ಎಂದರೆ ಸಂದೇಶ ಅಲ್ಲಿಗೇ ಮುಗಿಯಿತು. ಬೆಂಗಳೂರಿನ ಓದುಗನೊಬ್ಬ ಅರ್ನೆಟ್‌ನ ವಿಳಾಸದಿಂದ ಬಂದ ಸಂದೇಶಕ್ಕೆ 50 ಕೂಡಿಸಿ, ಐನೂರು ಸಾಲು ಮೀರಿದ್ದಕ್ಕೆ 30 ಕಳೆದು, ತನ್ನದೇ ಸಂದೇಶಕ್ಕೆ ಬಂದ ಮರುಮಾತಿಗೆ 500 ಕೊಟ್ಟರೆ ಆ ಗುಂಪು ಅವನಿಗೆ ಮಾತ್ರ ಸೇರಿದ ಪತ್ರಿಕೆಯಂತಾಗುತ್ತಿತ್ತು.

ಒಂದೇ ಸಂದೇಶವನ್ನು ಹತ್ತಾರು ಗುಂಪುಗಳಿಗೆ ಒಮ್ಮೆಲೇ ಹಾಕುವ ಕ್ರಾಸ್‌ಪೋಸ್ಟ್ ದಕ್ಷಿಣ ಏಷ್ಯಾದ ಗುಂಪುಗಳ ದೊಡ್ಡ ಪೀಡೆ. ಸಾಕ್.ಕಲ್ಚರ್.ಇಂಡಿಯನ್ ಮತ್ತು ಸಾಕ್.ಕಲ್ಚರ್.ಪಾಕಿಸ್ತಾನ್‌ಗಳ ನಡುವೆ ಹೊತ್ತಿಕೊಂಡ ವಾದ ಉಳಿದ ಗುಂಪುಗಳಿಗೂ ಹಬ್ಬುತ್ತಿತ್ತು. ಎಕ್ಸ್‌ರೆಫ್ ಎಂಬ ತಲೆಸಾಲಿನಲ್ಲಿ ಮೂರಕ್ಕಿಂತ ಹೆಚ್ಚು ಗುಂಪುಗಳಿದ್ದರೆ ಅಂಕ ಕಳೆಯಿರಿ ಎಂಬುದು ಇದಕ್ಕೆ ಎಲ್ಲೆಡೆ ಹೇಳುತ್ತಿದ್ದ ಮದ್ದು. ಆದರೆ ಎಕ್ಸ್‌ರೆಫ್‌ನಲ್ಲಿ ಸೇರುವುದು ಆಯಾ ಸರ್ವರ್ ಇಟ್ಟುಕೊಂಡ ಗುಂಪುಗಳ ಹೆಸರು ಮಾತ್ರ. ಆಯ್ದ ಗುಂಪುಗಳನ್ನಷ್ಟೇ ತರಿಸುವ ಚಿಕ್ಕ ಸರ್ವರಿನಲ್ಲಿ ಹತ್ತು ಕಡೆ ಹಾಕಿದ ಸಂದೇಶವೂ ಒಂದೇ ಕಡೆ ಹಾಕಿದಂತೆ ಕಾಣುತ್ತದೆ, ಎರವಲು ತಂದ ನಿಯಮ ಅದನ್ನು ಹಿಡಿಯುವುದಿಲ್ಲ. ನ್ಯೂಸ್‌ಗ್ರೂಪ್ಸ್ ಎಂಬ ಬೇರೆ ತಲೆಸಾಲಿನಲ್ಲಿ ನಿಜವಾದ ಪಟ್ಟಿ ಇರುತ್ತದಾದರೂ ಅದು ಸರ್ವರ್ ಕೊಡುವ ಸಂಕ್ಷಿಪ್ತ ಸೂಚಿಯಲ್ಲಿ ಸಾಮಾನ್ಯವಾಗಿ ಇರುತ್ತಿರಲಿಲ್ಲ. ಪ್ರತಿ ಸಂದೇಶಕ್ಕೂ ಬೇರೆಯಾಗಿ ಕೇಳಿ ತರಿಸಬೇಕಿತ್ತು. ಸ್ಕೋರ್ ಫೈಲ್ ಒಂದು ಊರಿನಿಂದ ಇನ್ನೊಂದಕ್ಕೆ ಹಾಗೆಯೇ ಸಾಗಿಸಬಹುದಾದ ಸರಕಾಗಿರಲಿಲ್ಲ. ತಂತಿಯ ದಪ್ಪಕ್ಕೂ ನಿಯಮದ ರೂಪಕ್ಕೂ ಅಷ್ಟು ನೇರ ನಂಟಿತ್ತು.

ಆ ತಂತಿ ಎಲ್ಲರಿಗೂ ಸಿಗುತ್ತಿರಲಿಲ್ಲ. ವಿಜ್ಞಾನ ಸಂಸ್ಥೆಯಿಂದ ಪೀಣ್ಯ ಕೈಗಾರಿಕಾ ಪ್ರದೇಶವಾಗಲಿ, ಅದರ ಮಗ್ಗುಲಿನ ಲಗ್ಗೆರೆಯಾಗಲಿ ಕೆಲವೇ ಕಿಲೋಮೀಟರ್ ದೂರ. ಆದರೂ ಅರ್ನೆಟ್ ವಿದ್ಯಾಸಂಸ್ಥೆ, ಸಂಶೋಧನಾಲಯಗಳ ಆವರಣವನ್ನು ಹೆಚ್ಚಾಗಿ ದಾಟುತ್ತಿರಲಿಲ್ಲ. ನಗರದ ಇನ್ನೊಂದು ಅಂಚಿನಲ್ಲಿ, ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ, 1991ರಲ್ಲಿ ಸ್ಥಾಪನೆಯಾದ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ಉಪಗ್ರಹ ನೆಲೆಯಿಂದ ಮೈಕ್ರೋವೇವ್ ಮೂಲಕ ಕಂಪನಿಗಳಿಗೆ ಸಂಪರ್ಕ ಕೊಟ್ಟಿತು. ಅದು ರಫ್ತುದಾರ ಕಂಪನಿಗಳ ಸೊತ್ತು. ಲಗ್ಗೆರೆಯಂಥ ಬಡಾವಣೆಯ ಮನೆಗೋ ಪೀಣ್ಯದ ಸಣ್ಣ ಕಾರ್ಖಾನೆಗೋ ಜಾಲ ಸಿಗುವಂತಾದದ್ದು ಸರಕಾರಿ ದೂರಸಂಪರ್ಕ ಕಂಪನಿಯಾಗಿದ್ದ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ದೇಶದಲ್ಲಿ ಸಾರ್ವಜನಿಕ ಇಂಟರ್‌ನೆಟ್ ಆರಂಭಿಸಿ, ಬೆಂಗಳೂರಿಗೂ ವಿಸ್ತರಿಸಿದ ಮೇಲೆ. ಖಾತೆಗಳನ್ನು 500 ಗಂಟೆಯ ಲೆಕ್ಕದಲ್ಲಿ ಮಾರುತ್ತಿದ್ದರು. ವರ್ಷಕ್ಕೆ ಹಂಚಿದರೆ ದಿನಕ್ಕೆ 82 ನಿಮಿಷ. ಮೇಲೆ ಟೆಲಿಫೋನ್ ಬಿಲ್ಲು ಬೇರೆ.

ಹೀಗೆ ಗಡಿಯಾರ ಓಡುತ್ತಿರುವಾಗ ಕುಳಿತು ಓದುವುದು ಆಗದ ಮಾತು. ಫೋರ್ಟೆ ಏಜೆಂಟ್‌ನಂಥ ವಿಂಡೋಸ್ ತಂತ್ರಾಂಶ ಮೊದಲು ಶೀರ್ಷಿಕೆಗಳನ್ನಷ್ಟೇ ಇಳಿಸಿಕೊಂಡು, ಸಂಪರ್ಕ ಕಡಿದ ಮೇಲೆ ಆಯ್ದುಕೊಳ್ಳಲು ಬಿಟ್ಟು, ಮುಂದಿನ ಕರೆಯಲ್ಲಿ ಆಯ್ದ ಸಂದೇಶಗಳನ್ನು ತರುತ್ತಿತ್ತು. ಲಿನಕ್ಸ್ ಬಳಸುವವರಿಗೆ ಎಸ್‌ಎಲ್‌ಆರ್‌ಎನ್‌ಪುಲ್ ಮತ್ತು ಲೀಫ್‌ನೋಡ್ ಇದ್ದವು. ಎಸ್‌ಎಲ್‌ಆರ್‌ಎನ್‌ಪುಲ್‌ಗೆ ತನ್ನದೇ ಸ್ಕೋರ್ ಫೈಲಿತ್ತು. ಅದರ ನಿಯಮ ಕೆಲಸ ಮಾಡುತ್ತಿದ್ದುದು ಸಂದೇಶ ಮನೆಗೆ ಬರುವ ಮೊದಲು. ತಂದ ಮೇಲೆ ಬಚ್ಚಿಡುವ ನಿಯಮಕ್ಕೂ ತರದೆಯೇ ಬಿಡುವ ನಿಯಮಕ್ಕೂ ದೊಡ್ಡ ಅಂತರವಿದೆ. ಎರಡನೆಯದು ತಪ್ಪಿದರೆ ಸಂದೇಶ ಹೋದದ್ದೇ ಗೊತ್ತಾಗದು. ಆದರೆ ಅದು ಸರಿಯಾದರೆ ನಿಮಿಷವೂ ಉಳಿಯುತ್ತಿತ್ತು, ಹಣವೂ ಉಳಿಯುತ್ತಿತ್ತು.

ಅಷ್ಟರಲ್ಲಿ ಯೂಸ್‌ನೆಟ್‌ನ ಹದ ಕೆಟ್ಟಿತ್ತು. 1994ರ ಏಪ್ರಿಲ್‌ನಲ್ಲಿ ಅಮೆರಿಕದ ವಕೀಲ ದಂಪತಿ ಗ್ರೀನ್ ಕಾರ್ಡ್ ಲಾಟರಿಯ ಜಾಹೀರಾತನ್ನು ಸಾವಿರಾರು ಗುಂಪುಗಳಿಗೆ ಸುರಿದಿದ್ದರು. ಆಮೇಲೆ ಬಂದ ಜಾಹೀರಾತುಗಾರರು ದಿನಕ್ಕೊಂದು ವಿಳಾಸ, ಗಳಿಗೆಗೊಂದು ಶೀರ್ಷಿಕೆ ಬದಲಿಸಿದ್ದರಿಂದ ಲೇಖಕನ ಹೆಸರು ಹಿಡಿದು ಬರೆದ ನಿಯಮಗಳು ನಿಷ್ಫಲವಾದವು. ಅಂಕ ಕೂಡುವ ಉಪಾಯ ಮಾತ್ರ ಬೇರೆ ಮನೆ ಹುಡುಕಿಕೊಂಡಿತು. 2001ರಲ್ಲಿ ಬಂದ ಸ್ಪ್ಯಾಮ್‌ಅಸ್ಯಾಸಿನ್ ಇ-ಮೇಲ್‌ನ ಒಂದೊಂದು ಲಕ್ಷಣಕ್ಕೂ ಅಂಕ ಕೊಟ್ಟು, ಮೊತ್ತ 5 ಮುಟ್ಟಿದರೆ ಅದನ್ನು ಕಸವೆಂದು ಗುರುತಿಸಿತು. 1994ರಲ್ಲಿ ಪ್ರಕಟವಾದ ಗ್ರೂಪ್‌ಲೆನ್ಸ್ ಸಂಶೋಧನೆ ಇನ್ನೊಂದು ದಿಕ್ಕು ತೋರಿತ್ತು: ಯೂಸ್‌ನೆಟ್ ಸಂದೇಶಗಳಿಗೆ ಓದುಗರು ಕೊಟ್ಟ ಅಂಕಗಳನ್ನು ಕಲೆಹಾಕಿ, ಒಂದೇ ಅಭಿರುಚಿಯವರ ಅಂಕಗಳಿಂದ ಆ ಸಂದೇಶವನ್ನು ಇನ್ನೂ ಓದದವನಿಗೆ ಶಿಫಾರಸು ಮಾಡುವುದು. ಇಂದಿನ ಸಿನಿಮಾ, ಸಂಗೀತ, ಸುದ್ದಿಯ ಶಿಫಾರಸು ಯಂತ್ರಗಳ ಪೂರ್ವಜರಲ್ಲಿ ಇದೂ ಒಂದು. ವ್ಯತ್ಯಾಸ ದೊಡ್ಡದು. ಸ್ಕೋರ್ ಫೈಲ್ ಓದುಗನ ಸ್ವಂತ ಡಿಸ್ಕ್‌ನಲ್ಲಿ, ಬರಿಗಣ್ಣಿಗೆ ಓದಲು ಬರುವ ಪಠ್ಯವಾಗಿರುತ್ತಿತ್ತು. ಯಾವ ಸಾಲಿನಿಂದ ಯಾವ ಸಂದೇಶ ಮರೆಯಾಯಿತು ಎಂದು ಅವನು ಹುಡುಕಿ ತಿದ್ದಬಹುದಿತ್ತು. ಈಗಿನ ಯಂತ್ರಗಳ ಲೆಕ್ಕ ಕಂಪನಿಯ ಒಳಗೇ ಉಳಿಯುತ್ತದೆ.

ಕನ್ನಡದ ಓದು ಈ ನಡುವೆ ಜಾಲತಾಣಗಳತ್ತ ಹೊರಳಿತು. ಯು. ಬಿ. ಪವನಜ ಅವರ ವಿಶ್ವಕನ್ನಡ 1996ರಲ್ಲಿ ಶುರುವಾಗಿ, ಕನ್ನಡವನ್ನು ಕನ್ನಡದ ಲಿಪಿಯಲ್ಲೇ ಪರದೆಗೆ ತಂದಿತು. ಡೇಜಾ ನ್ಯೂಸ್ ಕೂಡಿಟ್ಟಿದ್ದ ಯೂಸ್‌ನೆಟ್ ಭಂಡಾರವನ್ನು 2001ರಲ್ಲಿ ಗೂಗಲ್ ಕೊಂಡಿತು. ವೆಬ್ ಪುಟದ ಮೂಲಕ ಗುಂಪು ನೋಡುವವರಿಗೆ ಸ್ವಂತ ಸ್ಕೋರ್ ಫೈಲಿನ ಅನುಕೂಲವಿರಲಿಲ್ಲ. ಕಸವನ್ನೆಲ್ಲ ಕಣ್ಣಲ್ಲೇ ದಾಟಬೇಕಿತ್ತು. 2024ರ ಫೆಬ್ರವರಿ 22ರಿಂದ ಗೂಗಲ್ ಗ್ರೂಪ್ಸ್ ಯೂಸ್‌ನೆಟ್‌ನ ಹೊಸ ಸಂದೇಶಗಳನ್ನು ತೋರಿಸುವುದನ್ನು ನಿಲ್ಲಿಸಿತು, ಹಳೆಯವನ್ನು ಹುಡುಕಿ ಓದುವ ಅವಕಾಶ ಉಳಿಯಿತು. ಗ್ನೂಸ್ ಈಗಲೂ ಇಮ್ಯಾಕ್ಸ್ ಎಂಬ ಪಠ್ಯ ಸಂಪಾದಕ ತಂತ್ರಾಂಶದ ಜತೆಗೇ ಬರುತ್ತದೆ. ಅದರ ಸ್ಕೋರ್ ನಿಯಮಗಳಲ್ಲಿ ಇಂದು ಯೂನಿಕೋಡ್ ಕನ್ನಡ ಪದಗಳನ್ನು ನೇರವಾಗಿ ಬರೆಯಬಹುದು, ಲಕಾರ ಳಕಾರಗಳು ಅಲ್ಲಿ ಬೇರೆ ಬೇರೆಯಾಗಿಯೇ ಉಳಿಯುತ್ತವೆ.