ತಿಂಗಳಿಗೊಮ್ಮೆ ಮೋಟರ್‌ಗೆ ಗ್ರೀಸ್ ತುಂಬಲೇಬೇಕೇ?

‘ಪಂಪ್‌ಸೆಟ್ ಆಗಲಿ, ಹಿಟ್ಟಿನ ಗಿರಣಿಯಾಗಲಿ, ತಿಂಗಳಿಗೊಮ್ಮೆ ಮೋಟರ್ ಬೇರಿಂಗ್‌ಗೆ ಗ್ರೀಸ್ ತುಂಬಿ. ಹೆಚ್ಚು ತುಂಬಿದಷ್ಟೂ ಒಳ್ಳೆಯದು.’ ಈ ಸಲಹೆಯನ್ನು ನೀವೂ ಕೇಳಿರಬಹುದು. ಇದರಲ್ಲಿ ಅರ್ಧ ಮಾತ್ರ ಸರಿ. ಗ್ರೀಸ್ ಇಲ್ಲದಿದ್ದರೆ ಬೇರಿಂಗ್ ಸವೆಯುತ್ತದೆ, ನಿಜ. ಆದರೆ ಅತಿಯಾದ ಗ್ರೀಸ್ ಕೂಡ ಅದನ್ನು ಕೆಡಿಸುತ್ತದೆ.

ಹೆಚ್ಚಾದರೆ ಏನಾಗುತ್ತದೆ?

ಗ್ರೀಸ್ ಎಂದರೆ ಎಣ್ಣೆಯನ್ನು ಹಿಡಿದಿಟ್ಟುಕೊಂಡಿರುವ ಮುದ್ದೆ. ಅದರಿಂದ ನಿಧಾನವಾಗಿ ಒಸರುವ ಎಣ್ಣೆಯೇ ಗುಂಡುಗಳನ್ನು ಸವೆಯದಂತೆ ಕಾಯುತ್ತದೆ. ಬೇರಿಂಗ್‌ನೊಳಗಿನ ಖಾಲಿ ಜಾಗದ ಮೂರನೇ ಒಂದು ಭಾಗದಿಂದ ಅರ್ಧದಷ್ಟು ತುಂಬಿದ್ದರೆ ಸಾಕು. ಪೂರ್ತಿ ತುಂಬಿದರೆ ಗುಂಡುಗಳು ಅದನ್ನು ಕಡೆಯುತ್ತಲೇ ಇರಬೇಕು. ಆಗ ಬಿಸಿ ಏರುತ್ತದೆ, ಎಣ್ಣೆ ಬೇರ್ಪಡುತ್ತದೆ, ಉಳಿದದ್ದು ಗಟ್ಟಿಯಾಗುತ್ತದೆ. ಒಳಗೆ ನುಗ್ಗಿದ ಗ್ರೀಸ್ ವೈಂಡಿಂಗ್‌ಗೆ ಅಂಟಿದರೆ ರಿವೈಂಡಿಂಗ್ ಖರ್ಚೂ ಬರಬಹುದು.

ಗ್ರೀಸ್ ಹಾಕಬೇಕಿಲ್ಲದ ಮೋಟರ್‌ಗಳು

ಬೇರಿಂಗ್ ಸಂಖ್ಯೆಯ ಕೊನೆಗೆ ‘ಝಡ್‌ಝಡ್’ ಅಥವಾ ‘2ಆರ್‌ಎಸ್’ ಎಂದಿದ್ದರೆ ಅದರ ಎರಡೂ ಬದಿ ಮುಚ್ಚಿರುತ್ತದೆ. ಗ್ರೀಸ್ ಕಾರ್ಖಾನೆಯಲ್ಲೇ ತುಂಬಿರುತ್ತದೆ. ಸವೆದಾಗ ಬೇರಿಂಗ್ ಬದಲಿಸಬೇಕು, ಅಷ್ಟೇ. ಸಣ್ಣ ಮೋಟರ್‌ಗಳಲ್ಲಿ ಹೆಚ್ಚಾಗಿ ಇಂಥವೇ ಇರುತ್ತವೆ. ಕೊಳವೆಬಾವಿಗೆ ಇಳಿಸುವ, ನೀರು ತುಂಬಿದ ಸಬ್‌ಮರ್ಸಿಬಲ್ ಮೋಟರ್‌ನಲ್ಲಿ ಗ್ರೀಸಿನ ಕೆಲಸವನ್ನು ಒಳಗಿನ ನೀರೇ ಮಾಡುತ್ತದೆ.

ಹಾಗಾದರೆ ಎಷ್ಟು ದಿನಕ್ಕೊಮ್ಮೆ?

ಗ್ರೀಸ್ ನಿಪ್ಪಲ್ ಇರುವ ಮೋಟರ್‌ಗಳಿಗೆ ಮಾತ್ರ ಈ ಪ್ರಶ್ನೆ. ಲೆಕ್ಕ ಹಾಕಬೇಕಾದದ್ದು ತಿಂಗಳುಗಳನ್ನಲ್ಲ, ಮೋಟರ್ ಓಡಿದ ಗಂಟೆಗಳನ್ನು. ಮೋಟರ್ ಮೇಲಿನ ಫಲಕದಲ್ಲಿ ಅಥವಾ ಕೈಪಿಡಿಯಲ್ಲಿ ಅವಧಿ ಕೊಟ್ಟಿರುತ್ತಾರೆ. ಉದಾಹರಣೆಗೆ 4,000 ಗಂಟೆ ಎಂದಿದ್ದರೆ, ದಿನಕ್ಕೆ 8 ಗಂಟೆ ಓಡುವ ಮೋಟರ್‌ಗೆ 500 ದಿನಕ್ಕೊಮ್ಮೆ ಸಾಕು. ಹಗಲಿರುಳು ಓಡುವುದಕ್ಕೆ ಸುಮಾರು ಐದೂವರೆ ತಿಂಗಳಿಗೊಮ್ಮೆ ಬೇಕು.

ಅವಧಿ ಕಡಿಮೆಯಾಗುವುದು ಯಾವಾಗ?

• ವೇಗ: ಅದೇ ಬೇರಿಂಗ್ ನಿಮಿಷಕ್ಕೆ 1,500ರ ಬದಲು 3,000 ಸುತ್ತು ತಿರುಗಿದರೆ ಬೇಗ ಬೇಕು.
• ಬಿಸಿ: ಬೇರಿಂಗ್ 70 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಪ್ರತಿ 15 ಡಿಗ್ರಿಗೆ ಅವಧಿ ಅರ್ಧವಾಗುತ್ತದೆ ಎಂಬುದು ರೂಢಿಯ ಲೆಕ್ಕ.
• ನಿಲುವು: ಶಾಫ್ಟ್ ಲಂಬವಾಗಿದ್ದರೆ ಅವಧಿ ಅರ್ಧ.
• ಧೂಳು, ತೇವ: ಗಿರಣಿಯ ಹಿಟ್ಟು, ಹೊಲದ ಮಣ್ಣು ಸೇರಿದರೆ ಇನ್ನೂ ಬೇಗ.

ಎಷ್ಟು ಹಾಕಬೇಕು?

ಬೇರಿಂಗ್‌ನ ಹೊರವ್ಯಾಸವನ್ನೂ ಅಗಲವನ್ನೂ ಮಿಲಿಮೀಟರ್‌ನಲ್ಲಿ ಗುಣಿಸಿ, ಬಂದದ್ದನ್ನು 0.005ರಿಂದ ಗುಣಿಸಿದರೆ ಗ್ರಾಂ ಲೆಕ್ಕ ಸಿಗುತ್ತದೆ. 6309 ಬೇರಿಂಗ್‌ಗೆ 100 × 25 × 0.005, ಅಂದರೆ 12.5 ಗ್ರಾಂ. ನಿಮ್ಮ ಗ್ರೀಸ್ ಗನ್ನನ್ನು ಹತ್ತು ಸಲ ಒತ್ತಿ, ಬಂದದ್ದನ್ನು ತೂಗಿದರೆ ಒಂದು ಒತ್ತಿಗೆ ಎಷ್ಟು ಬರುತ್ತದೆಂದು ತಿಳಿಯುತ್ತದೆ.

ಹಾಕುವ ಮುನ್ನ ಮೇನ್ ಸ್ವಿಚ್ ಆಫ್ ಮಾಡಿ, ನಿಪ್ಪಲ್ ಒರೆಸಿ. ಹಳೆಯ ಗ್ರೀಸ್ ಹೊರಬರುವ ಪ್ಲಗ್ ಇದ್ದರೆ ತೆಗೆದು, ಹೊಸದನ್ನು ನಿಧಾನವಾಗಿ ಒತ್ತಿ. ಸ್ವಲ್ಪ ಹೊತ್ತು ಮೋಟರ್ ಓಡಿಸಿ, ಹೆಚ್ಚಿನದು ಹೊರಬಂದ ಮೇಲೆ ಮತ್ತೆ ಆಫ್ ಮಾಡಿ ಪ್ಲಗ್ ಮುಚ್ಚಿ. ಬಣ್ಣ ಒಂದೇ ಇದೆಯೆಂದು ಬೇರೆ ಬಗೆಯ ಗ್ರೀಸ್ ಬೆರೆಸಬೇಡಿ. ಲಿಥಿಯಂ ಮತ್ತು ಪಾಲಿಯೂರಿಯಾ ಗ್ರೀಸ್‌ಗಳು ಸಾಮಾನ್ಯವಾಗಿ ಹೊಂದಿಕೊಳ್ಳುವುದಿಲ್ಲ. ಬೆರೆತರೆ ತೆಳುವಾಗಿ ಸೋರಬಹುದು ಅಥವಾ ಗಟ್ಟಿಯಾಗಬಹುದು.

ಬೇರಿಂಗ್ ಈಗಾಗಲೇ ಕರಕರ ಸದ್ದು ಮಾಡುತ್ತಿದ್ದರೆ ಗ್ರೀಸ್ ಹಾಕಿದಾಗ ಸದ್ದು ಅಡಗಬಹುದು, ಸವೆತ ಸರಿಹೋಗುವುದಿಲ್ಲ. ಅದನ್ನು ಬದಲಿಸುವುದೇ ದಾರಿ. ‘ತಿಂಗಳಿಗೊಮ್ಮೆ’ ಎಂಬ ಸಂದೇಶ ಬಂದರೆ ಮುಂದಕ್ಕೆ ಕಳಿಸುವ ಬದಲು ನಿಮ್ಮ ಮೋಟರ್‌ನ ಫಲಕವನ್ನೊಮ್ಮೆ ನೋಡಿ.