ಮೂರನೆಯ ಚುಕ್ಕೆ: ಟೋನಿ ಹಂಟರ್ ಮತ್ತು ಟೈರೋಸೀನಿನ ಕಥೆ

ಆಕಸ್ಮಿಕ ಸಂಶೋಧನೆಗಳ ಕಥೆ ಎಂದರೆ ಮಕ್ಕಳಿಗೆ ಬಹಳ ಇಷ್ಟ. ಫ್ಲೆಮಿಂಗ್ ಅವರ ತಟ್ಟೆಗೆ ಬೂಸ್ಟು ಹಿಡಿದದ್ದು, ಬೆಕೆರಲ್ ಮೇಜಿನ ಖಾನೆಯಲ್ಲಿಟ್ಟ ಫೋಟೋ ಫಲಕ ಕಪ್ಪಾದದ್ದು - ಇವನ್ನು ಹೇಳಿದರೆ ತರಗತಿಯ ಹಿಂದಿನ ಬೆಂಚಿನವರೂ ಕಿವಿಗೊಡುತ್ತಾರೆ. ಈ ಸಾಲಿಗೆ ಸೇರಬೇಕಾದ ಇನ್ನೊಂದು ಕಥೆ ಇದೆ. ಅದು ನಮ್ಮ ಪಾಠಗಳಲ್ಲಿ ಅಷ್ಟಾಗಿ ಕಾಣಿಸಿಕೊಂಡಿಲ್ಲ. ಆದರೆ ಅದರ ಫಲವನ್ನು ಇಂದು ಕಾಸರಗೋಡಿನಿಂದ ರೈಲು ಹತ್ತಿ ಮಂಗಳೂರಿನ ಆಸ್ಪತ್ರೆಗೆ ಹೋಗುವ ರೋಗಿಯೂ ಮಾತ್ರೆಯ ರೂಪದಲ್ಲಿ ನುಂಗುತ್ತಿರಬಹುದು.

ಕಥೆಯ ನಾಯಕ ಟೋನಿ ಹಂಟರ್. ಹುಟ್ಟಿದ್ದು 1943ರಲ್ಲಿ, ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಆಶ್‌ಫರ್ಡ್‌ನಲ್ಲಿ. ಓದಿದ್ದು ಕೇಂಬ್ರಿಜ್‌ನಲ್ಲಿ. ಅಲ್ಲಿ ಪ್ರೋಟೀನು ತಯಾರಾಗುವ ಬಗೆಯನ್ನು ಅಭ್ಯಾಸ ಮಾಡಿ 1969ರಲ್ಲಿ ಡಾಕ್ಟರೇಟ್ ಪಡೆದರು. ಆ ದಿನಗಳಲ್ಲಿ ಅವರ ಜೊತೆ ಕೆಲಸ ಮಾಡಿದ ಟಿಮ್ ಹಂಟ್ ಅವರಿಗೆ ಮುಂದೆ 2001ರಲ್ಲಿ ನೊಬೆಲ್ ಬಂತು. ಹಂಟರ್ 1971ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೋ ಬಳಿಯ ಸಾಲ್ಕ್ ಸಂಸ್ಥೆಗೆ ಹೋದರು. ಪೋಲಿಯೋ ಲಸಿಕೆಯ ಜೋನಾಸ್ ಸಾಲ್ಕ್ ಕಟ್ಟಿದ ಸಂಸ್ಥೆ ಅದು. ಎರಡು ವರ್ಷ ಅಲ್ಲಿದ್ದು ಕೇಂಬ್ರಿಜ್‌ಗೆ ಮರಳಿದರು. 1975ರಲ್ಲಿ ಮತ್ತೆ ಸಾಲ್ಕ್‌ಗೆ ಬಂದು ಅಲ್ಲಿಯೇ ನೆಲೆನಿಂತರು.

ಅವರು ಕಂಡದ್ದೇನು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1911ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಪೇಟನ್ ರೌಸ್ ಎಂಬ ವೈದ್ಯರು ಒಂದು ಕೋಳಿಯ ಗಡ್ಡೆಯನ್ನು ಅರೆದು, ಜೀವಕೋಶಗಳೆಲ್ಲ ಹೊರಗುಳಿಯುವಂತೆ ಸೋಸಿ, ಆ ರಸವನ್ನು ಇನ್ನೊಂದು ಕೋಳಿಗೆ ಚುಚ್ಚಿದರು. ಅದಕ್ಕೂ ಗಡ್ಡೆ ಬಂತು. ಸೋಸಿದ ರಸದಲ್ಲಿದ್ದದ್ದು ವೈರಸ್. ವೈರಸ್ಸಿನಿಂದ ಕ್ಯಾನ್ಸರ್ ಬರುತ್ತದೆ ಎಂಬ ಮಾತನ್ನು ಆಗ ಹೆಚ್ಚಿನವರು ಒಪ್ಪಲಿಲ್ಲ. ರೌಸ್ ಅವರಿಗೆ ನೊಬೆಲ್ ಸಿಕ್ಕಿದ್ದು 1966ರಲ್ಲಿ, ಅಂದರೆ 55 ವರ್ಷಗಳ ನಂತರ. ಆಗ ಅವರಿಗೆ 87 ವರ್ಷ!

ಆ ವೈರಸ್ಸಿನಲ್ಲಿ ಗಡ್ಡೆ ಬರಿಸುವ ಜೀನ್ ಒಂದೇ ಒಂದು. ಅದರ ಹೆಸರು ಸಾರ್ಕ್. 1976ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಬಿಷಪ್ ಮತ್ತು ವಾರ್ಮಸ್ ಅವರ ತಂಡ ಒಂದು ವಿಚಿತ್ರ ಸಂಗತಿಯನ್ನು ತೋರಿಸಿತು. ಆ ಜೀನ್ ಮೂಲತಃ ವೈರಸ್ಸಿನದಲ್ಲ, ಆರೋಗ್ಯವಂತ ಕೋಳಿಯ ಜೀವಕೋಶದ್ದೇ. ವೈರಸ್ ಅದನ್ನು ಎತ್ತಿಕೊಂಡು ಹೋಗಿ ಕೆಡಿಸಿಕೊಂಡಿತ್ತು, ಅಷ್ಟೆ. ಅಂದರೆ ಕ್ಯಾನ್ಸರಿನ ಬೀಜ ಹೊರಗಿನಿಂದಲೇ ಬರಬೇಕೆಂದಿಲ್ಲ. ನಮ್ಮೊಳಗಿನ ಒಳ್ಳೆಯ ಜೀನ್ ಹದ ತಪ್ಪಿದರೂ ಸಾಕು. ಇದಕ್ಕೆ 1989ರ ನೊಬೆಲ್ ಬಂತು.

ಸರಿ, ಈ ಸಾರ್ಕ್ ಮಾಡುವ ಕೆಲಸವಾದರೂ ಏನು? 1978ರಲ್ಲಿ ಕೊಲರಾಡೊದ ರೇ ಎರಿಕ್ಸನ್ ಮತ್ತು ಅವರ ಸಹೋದ್ಯೋಗಿ ಉತ್ತರ ಹೇಳಿದರು - ಸಾರ್ಕ್ ಪ್ರೋಟೀನು ಒಂದು ಕೈನೇಸ್. ಕೈನೇಸ್ ಎಂದರೆ ಬೇರೆ ಪ್ರೋಟೀನುಗಳಿಗೆ ಫಾಸ್ಫೇಟನ್ನು ಅಂಟಿಸುವ ಕಿಣ್ವ. ಫಾಸ್ಫೇಟು ಅಂಟಿದರೆ ಪ್ರೋಟೀನಿನ ಆಕಾರ ಬದಲಾಗುತ್ತದೆ, ಕೆಲಸ ಶುರುವಾಗುತ್ತದೆ ಅಥವಾ ನಿಲ್ಲುತ್ತದೆ. ನಮ್ಮ ಅಡಿಕೆ ತೋಟದ ಪಂಪಿನ ಸ್ವಿಚ್ಚಿನ ಹಾಗೆ. ಒತ್ತಿದರೆ ನೀರು, ತೆಗೆದರೆ ಬಂದ್. ಈ ಸ್ವಿಚ್ಚಿನ ಪದ್ಧತಿಯನ್ನು 1950ರ ದಶಕದಲ್ಲಿ ಸಿಯಾಟಲ್‌ನ ಫಿಷರ್ ಮತ್ತು ಕ್ರೆಬ್ಸ್ ಕಂಡುಹಿಡಿದಿದ್ದರು. ಅವರಿಗೆ ನೊಬೆಲ್ ಬಂದದ್ದು 1992ರಲ್ಲಿ.

ಪ್ರೋಟೀನು ಇಪ್ಪತ್ತು ಬಗೆಯ ಅಮೈನೋ ಆಮ್ಲಗಳ ಸರ. ಅವುಗಳಲ್ಲಿ ಸೆರೀನ್ ಮತ್ತು ಥ್ರಿಯೋನೀನ್ ಎಂಬ ಎರಡರ ಮೇಲೆ ಕೈನೇಸುಗಳು ಫಾಸ್ಫೇಟನ್ನು ಕೂರಿಸುತ್ತವೆ ಎಂದು ಎಲ್ಲರಿಗೂ ಗೊತ್ತಿತ್ತು. ಸಾರ್ಕ್ ಕೂಡ ಥ್ರಿಯೋನೀನ್ ಮೇಲೆಯೇ ಕೂರಿಸುತ್ತದೆ ಎಂದು ಮೊದಲ ವರದಿ ಹೇಳಿತು. ಯಾರಿಗೂ ಸಂಶಯ ಬರಲಿಲ್ಲ.

ಈಗ 1979ಕ್ಕೆ ಬರೋಣ. ಹಂಟರ್ ಮತ್ತು ವಾಲ್ಟರ್ ಎಕಾರ್ಟ್ ನೋಡುತ್ತಿದ್ದುದು ಸಾರ್ಕನ್ನಲ್ಲ, ಇಲಿಗಳಲ್ಲಿ ಗಡ್ಡೆ ಬರಿಸುವ ಪಾಲಿಯೋಮಾ ಎಂಬ ಇನ್ನೊಂದು ವೈರಸ್ಸನ್ನು. ಅದರ ಒಂದು ಪ್ರೋಟೀನಿಗೆ ವಿಕಿರಣಶೀಲ ಫಾಸ್ಫೇಟು ಅಂಟುತ್ತಿತ್ತು. ಎಲ್ಲಿ ಅಂಟಿದೆ ಎಂದು ತಿಳಿಯಬೇಕಲ್ಲ? ಅದಕ್ಕೆ ಪ್ರೋಟೀನನ್ನು ಆಮ್ಲದಲ್ಲಿ ಕಾಯಿಸಿ ಬಿಡಿಬಿಡಿಯಾಗಿ ಒಡೆದು, ತೆಳುವಾದ ಫಲಕದ ಮೇಲೆ ಹಾಕಿ ವಿದ್ಯುತ್ ಹರಿಸಬೇಕು. ಒಂದೊಂದು ಅಮೈನೋ ಆಮ್ಲವೂ ತನ್ನದೇ ವೇಗದಲ್ಲಿ ಓಡುತ್ತದೆ. ಕೊನೆಗೆ ಫೋಟೋ ಫಿಲ್ಮಿನ ಮೇಲೆ ಕಪ್ಪು ಚುಕ್ಕೆಗಳಾಗಿ ಕಾಣುತ್ತದೆ.

ಫಲಕಕ್ಕೆ ಬಳಸುವ ದ್ರಾವಣದ ಪಿಎಚ್ 1.9 ಇರಬೇಕು. ಹಂಟರ್ ಹೊಸ ದ್ರಾವಣ ಮಾಡಲು ಸೋಮಾರಿತನಪಟ್ಟು, ಮೊದಲೇ ಬಳಸಿದ್ದ ಹಳೆಯದನ್ನೇ ಮತ್ತೆ ಹಾಕಿದರು. ಇದನ್ನು ಅವರೇ ಮುಂದೆ ಹಲವು ಬಾರಿ ಹೇಳಿಕೊಂಡಿದ್ದಾರೆ. ಬಳಸಿ ಬಳಸಿ ಅದರ ಪಿಎಚ್ ಸುಮಾರು 1.7ಕ್ಕೆ ಇಳಿದಿತ್ತು. ಫಿಲ್ಮು ತೊಳೆದು ನೋಡಿದರೆ, ಸೆರೀನಿನ ಚುಕ್ಕೆ ಇರಬೇಕಾದ ಜಾಗಕ್ಕೂ ಥ್ರಿಯೋನೀನಿನ ಚುಕ್ಕೆ ಇರಬೇಕಾದ ಜಾಗಕ್ಕೂ ನಡುವೆ ಇನ್ನೊಂದು ಚುಕ್ಕೆ!

ಇಲ್ಲಿಯವರೆಗಿನದು ಅದೃಷ್ಟ. ಮಕ್ಕಳಿಗೆ ನಾವು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿ ಬಿಡುತ್ತೇವೆ. ಆದರೆ ನಿಜವಾದ ಪಾಠ ಇರುವುದು ಇದರ ಮುಂದೆ.

ದ್ರಾವಣ ಕೆಟ್ಟಿದೆ, ಪ್ರಯೋಗ ಹಾಳಾಯಿತು ಎಂದು ಫಿಲ್ಮನ್ನು ಬಿಸಾಡುವುದು ಸುಲಭವಿತ್ತು. ಹಂಟರ್ ಬಿಸಾಡಲಿಲ್ಲ. ಸೆರೀನ್ ಮತ್ತು ಥ್ರಿಯೋನೀನಿಗೆ ಫಾಸ್ಫೇಟು ಅಂಟುವುದು ಅವುಗಳಲ್ಲಿರುವ ಹೈಡ್ರಾಕ್ಸಿಲ್ ಎಂಬ ಗುಂಪಿನ ಮೂಲಕ. ಆ ಗುಂಪು ಇರುವ ಮೂರನೆಯ ಅಮೈನೋ ಆಮ್ಲ ಯಾವುದು? ಟೈರೋಸೀನ್. ಹತ್ತೊಂಬತ್ತನೇ ಶತಮಾನದಲ್ಲಿ ಲೀಬಿಗ್ ಎಂಬ ರಸಾಯನ ವಿಜ್ಞಾನಿ ಚೀಸಿನಿಂದ ಬೇರ್ಪಡಿಸಿದ್ದರಿಂದ, ಗ್ರೀಕಿನ ಚೀಸಿನ ಹೆಸರೇ ಅದಕ್ಕೆ ಬಂದಿದೆ. ಊಹೆಯೇನೋ ಸರಿ, ಸಾಕ್ಷಿ ಬೇಕಲ್ಲ? ಹಂಟರ್ ತಾವೇ ಟೈರೋಸೀನಿಗೆ ಫಾಸ್ಫೇಟು ಜೋಡಿಸಿ ಫಾಸ್ಫೋಟೈರೋಸೀನ್ ತಯಾರಿಸಿದರು. ಅದನ್ನು ಫಲಕದ ಮೇಲೆ ಜೊತೆಗೆ ಓಡಿಸಿದರು. ಎರಡೂ ಒಂದೇ ಜಾಗಕ್ಕೆ ಬಂದು ನಿಂತವು.

ಪಿಎಚ್ ಸರಿಯಾಗಿ 1.9 ಇದ್ದಾಗ ಫಾಸ್ಫೋಟೈರೋಸೀನ್ ಥ್ರಿಯೋನೀನಿನ ಚುಕ್ಕೆಯೊಳಗೇ ಅಡಗಿ ಕೂರುತ್ತದೆ. ಹಾಗಾಗಿಯೇ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಈ ವರದಿ 1979ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಮುಂದಿನ ವರ್ಷ ಹಂಟರ್ ಮತ್ತು ಬಾರ್ಟ್ ಸೆಫ್ಟನ್ ಸಾರ್ಕನ್ನೂ ಪರೀಕ್ಷಿಸಿ, ಅದೂ ಟೈರೋಸೀನ್ ಮೇಲೆಯೇ ಫಾಸ್ಫೇಟು ಕೂರಿಸುತ್ತದೆ ಎಂದು ತೋರಿಸಿದರು. ಸಾಮಾನ್ಯ ಜೀವಕೋಶದಲ್ಲಿ ಫಾಸ್ಫೇಟು ಅಂಟಿದ ಅಮೈನೋ ಆಮ್ಲಗಳ ಪೈಕಿ ಟೈರೋಸೀನಿನ ಪಾಲು ಹತ್ತು ಸಾವಿರದಲ್ಲಿ ಸುಮಾರು ಮೂರು ಮಾತ್ರ. ಸಾರ್ಕ್ ಹೊಕ್ಕ ಜೀವಕೋಶದಲ್ಲಿ ಅದು ಹತ್ತು ಪಟ್ಟಿನವರೆಗೆ ಏರಿತ್ತು.

ಇನ್ನೊಂದು ತಮಾಷೆ ಕೇಳಿ. ಪಾಲಿಯೋಮಾದ ಆ ಪ್ರೋಟೀನು ಕೈನೇಸೇ ಅಲ್ಲ! ಅದು ಜೀವಕೋಶದ ಸಾರ್ಕನ್ನು ಹಿಡಿದುಕೊಂಡು ಅದರಿಂದ ಕೆಲಸ ಮಾಡಿಸುತ್ತದೆ ಎಂದು 1983ರಲ್ಲಿ ಸಾರಾ ಕೋರ್ಟ್ನೀಜ್ ಮತ್ತು ಅಲನ್ ಸ್ಮಿತ್ ತೋರಿಸಿದರು. ಬೇರೆ ಬೇರೆ ಎಂದುಕೊಂಡ ಎರಡು ದಾರಿಗಳು ಒಂದೇ ಮನೆಯ ಅಂಗಳಕ್ಕೆ ಬಂದು ಸೇರಿದ್ದವು.

ಆಮೇಲೆ ಒಂದೊಂದೇ ಬೆಳಕಿಗೆ ಬಂದವು. ಬೆಳೆಯಬೇಕು ಎಂಬ ಸಂದೇಶವನ್ನು ಹೊರಗಿನಿಂದ ಒಳಗೆ ತರುವ ಗ್ರಾಹಕಗಳು, ಇನ್ಸುಲಿನ್ ಹಿಡಿಯುವ ಗ್ರಾಹಕ - ಇವೂ ಟೈರೋಸೀನ್ ಕೈನೇಸುಗಳೇ. ಹೊರಗಿನ ಮಾತು ಒಳಗೆ ಮುಟ್ಟುವುದು ಹೇಗೆ ಎಂಬ ಹಳೆಯ ಪ್ರಶ್ನೆಗೆ ಇದು ಒಂದು ದೊಡ್ಡ ಉತ್ತರವಾಯಿತು. ಮನುಷ್ಯನಲ್ಲಿ ಸಾವಿರದೊಂದು ಕೈನೇಸುಗಳು ಇರಬಹುದು ಎಂದು ಹಂಟರ್ 1987ರಲ್ಲಿ ಬರೆದಿದ್ದರು. 2002ರಲ್ಲಿ ಅವರೂ ಸೇರಿದ್ದ ತಂಡ ಎಣಿಸಿದಾಗ ಸಿಕ್ಕಿದ್ದು 518. ಅವುಗಳಲ್ಲಿ ಟೈರೋಸೀನಿನವು 90.

ಇಷ್ಟೆಲ್ಲ ತಿಳಿದು ರೋಗಿಗೆ ಏನು ಸಿಕ್ಕಿತು?

ಕ್ರಾನಿಕ್ ಮೈಲಾಯ್ಡ್ ಲ್ಯುಕೀಮಿಯಾ ಎಂಬ ರಕ್ತದ ಕ್ಯಾನ್ಸರ್ ಇದೆ. ಅದರಲ್ಲಿ 9 ಮತ್ತು 22ನೇ ವರ್ಣತಂತುಗಳ ತುಂಡುಗಳು ಅದಲುಬದಲಾಗುತ್ತವೆ ಎಂದು ಜಾನೆಟ್ ರೌಲಿ 1973ರಲ್ಲಿ ಗುರುತಿಸಿದ್ದರು. ಹಾಗೆ ಬೆಸೆದು ಹುಟ್ಟುವ ಹೊಸ ಪ್ರೋಟೀನು ಒಂದು ಟೈರೋಸೀನ್ ಕೈನೇಸ್. ಪಂಪಿನ ಸ್ವಿಚ್ಚು ಒತ್ತಿದಲ್ಲೇ ಸಿಕ್ಕಿಹಾಕಿಕೊಂಡ ಹಾಗೆ. ನೀರು ಹರಿದೂ ಹರಿದೂ ತೋಟವೇ ಕೊಚ್ಚಿಹೋಗುತ್ತದೆ. ಆ ಸ್ವಿಚ್ಚನ್ನು ಮಾತ್ರ ಹಿಡಿದು ನಿಲ್ಲಿಸುವ ಇಮಾಟಿನಿಬ್ ಎಂಬ ಮದ್ದನ್ನು ಸ್ವಿಟ್ಜರ್ಲೆಂಡಿನ ಕಂಪನಿಯೊಂದರಲ್ಲಿ ನಿಕೋಲಸ್ ಲೈಡನ್ ಮತ್ತು ಸಂಗಡಿಗರು ರೂಪಿಸಿದರು. ಅಮೆರಿಕದ ಒರೆಗಾನ್‌ನ ವೈದ್ಯ ಬ್ರಯಾನ್ ಡ್ರೂಕರ್ 1998ರಲ್ಲಿ ಅದನ್ನು ರೋಗಿಗಳಿಗೆ ಕೊಡಲು ಶುರುಮಾಡಿದರು. 300 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಪಡೆದ 54 ಮಂದಿಯಲ್ಲಿ 53 ಮಂದಿಯ ರಕ್ತಕಣಗಳ ಎಣಿಕೆ ಸರಿಯಾಯಿತು. 2001ರ ಮೇ ತಿಂಗಳಲ್ಲಿ ಅಮೆರಿಕ ಅನುಮತಿ ನೀಡಿತು. ಐದು ವರ್ಷಗಳ ನಂತರವೂ ನೂರಕ್ಕೆ ಸುಮಾರು 89 ಮಂದಿ ಬದುಕಿರುವುದಾಗಿ 2006ರ ಲೆಕ್ಕ ಹೇಳಿತು. ಕೆಲವರಲ್ಲಿ ಮದ್ದು ನಾಟದೆ ಹೋಗುವುದೂ ಉಂಟು. ಅವರಿಗಾಗಿ ಮುಂದೆ ಬೇರೆ ಮದ್ದುಗಳು ಬಂದವು.

ಕಥೆ ಭಾರತಕ್ಕೆ ಕಾಲಿಡುವುದು ಇಲ್ಲಿ. ಇಮಾಟಿನಿಬ್ ಮಾರುವ ನೊವಾರ್ಟಿಸ್ ಕಂಪನಿಯ ಮಾತ್ರೆಗೆ ನಮ್ಮಲ್ಲಿ ತಿಂಗಳಿಗೆ ಸುಮಾರು 1,20,000 ರೂಪಾಯಿ ಆಗುತ್ತಿತ್ತು. ಹೈದರಾಬಾದಿನ ನ್ಯಾಟ್ಕೋ ಮುಂತಾದ ನಮ್ಮ ಕಂಪನಿಗಳ ಮಾತ್ರೆಗೆ ಸುಮಾರು 8,000ದಿಂದ 10,000. ಮದ್ದಿನ ಒಂದು ಹರಳಿನ ರೂಪಕ್ಕೆ ನೊವಾರ್ಟಿಸ್ ಕೇಳಿದ ಪೇಟೆಂಟನ್ನು ಚೆನ್ನೈಯ ಪೇಟೆಂಟ್ ಕಚೇರಿ 2006ರಲ್ಲಿ ತಿರಸ್ಕರಿಸಿತು. ಮುಂಬೈಯ ಕ್ಯಾನ್ಸರ್ ರೋಗಿಗಳ ನೆರವಿನ ಸಂಘವೂ ಪೇಟೆಂಟನ್ನು ವಿರೋಧಿಸಿ ಹೋರಾಡಿತು. ತಾನು ಹೆಚ್ಚಿನ ರೋಗಿಗಳಿಗೆ ಉಚಿತವಾಗಿಯೇ ಮದ್ದು ಕೊಡುತ್ತಿದ್ದೇನೆ ಎಂಬುದು ಕಂಪನಿಯ ವಾದವಾಗಿತ್ತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಅಂತಿಮ ತೀರ್ಪು ಕೊಟ್ಟಿತು: ಗೊತ್ತಿರುವ ಮದ್ದಿನ ಹೊಸ ರೂಪಕ್ಕೆ ಪೇಟೆಂಟ್ ಬೇಕಿದ್ದರೆ ಅದು ರೋಗ ಗುಣಪಡಿಸುವುದರಲ್ಲಿ ಮೊದಲಿನದಕ್ಕಿಂತ ಮೇಲು ಎಂದು ತೋರಿಸಬೇಕು, ಇಲ್ಲಿ ಅದು ತೋರಿಬಂದಿಲ್ಲ. ಕಡಿಮೆ ಬೆಲೆಯ ಮಾತ್ರೆ ಉಳಿಯಿತು. ದಿನವೂ ನುಂಗಬೇಕಾದ ಮಾತ್ರೆಗೆ ತಿಂಗಳಿಗೆ ಲಕ್ಷ ಹೊಂದಿಸುವುದಕ್ಕೂ ಹತ್ತು ಸಾವಿರ ಹೊಂದಿಸುವುದಕ್ಕೂ ಇರುವ ಅಂತರ ಏನೆಂದು ಕೂಲಿ ಮಾಡುವ ಮನೆಯವರಿಗೆ ವಿವರಿಸಬೇಕಾಗಿಲ್ಲ.

ಹಂಟರ್ ಅವರಿಗೆ ಪ್ರಶಸ್ತಿಗಳು ಸಾಲಾಗಿ ಬಂದವು. 2005ರಲ್ಲಿ ವುಲ್ಫ್ ಪ್ರಶಸ್ತಿ, 2017ರಲ್ಲಿ ಸ್ವೀಡನ್ನಿನ ಶೋಬೆರಿ ಪ್ರಶಸ್ತಿ, 2018ರಲ್ಲಿ ತೈವಾನಿನ ತಾಂಗ್ ಪ್ರಶಸ್ತಿ. ಅವರು ಹಳೆಯ ಕೀರ್ತಿಯ ಮೇಲೆ ಕುಳಿತವರೂ ಅಲ್ಲ. 2015ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಅವರ ತಂಡ ಹಿಸ್ಟಿಡೀನ್ ಎಂಬ ಇನ್ನೊಂದು ಅಮೈನೋ ಆಮ್ಲಕ್ಕೆ ಅಂಟುವ ಫಾಸ್ಫೇಟನ್ನು ಪತ್ತೆಹಚ್ಚುವ ಸಾಧನಗಳನ್ನು ತಯಾರಿಸಿತು. ಈ ಫಾಸ್ಫೇಟು ಆಮ್ಲ ತಾಗಿದರೆ ಉದುರಿಹೋಗುತ್ತದೆ. ಆದ್ದರಿಂದ ಮೊದಲಿನ ಆಮ್ಲದ ಪದ್ಧತಿಯಲ್ಲಿ ಅದು ಕಾಣಲು ಸಾಧ್ಯವೇ ಇರಲಿಲ್ಲ. ಅಂದು ಟೈರೋಸೀನ್ ಅಡಗಿದ್ದಂತೆ ಇಂದು ಇದು.

1979ರಲ್ಲಿ ಹಂಟರ್ ಮದ್ದು ಹುಡುಕುತ್ತಿರಲಿಲ್ಲ. ಇಲಿಯ ವೈರಸ್ಸಿನ ಒಂದು ಪ್ರೋಟೀನು ಏನು ಮಾಡುತ್ತದೆ ಎಂದು ನೋಡುತ್ತಿದ್ದರು, ಅಷ್ಟೆ. "ಇದರಿಂದ ಏನು ಪ್ರಯೋಜನ ಸಾರ್?" ಎಂದು ತರಗತಿಯಲ್ಲಿ ಮಕ್ಕಳು ಕೇಳಿದಾಗ ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ತೋರಿಸಬಹುದು: ಕೋಳಿಯ ಗಡ್ಡೆ 1911, ಮೂರನೆಯ ಚುಕ್ಕೆ 1979, ಮಾತ್ರೆ 2001, ಬಡವರ ಕೈಗೆಟಕುವ ಬೆಲೆ ಗಟ್ಟಿಯಾದದ್ದು 2013. ಒಟ್ಟು ನೂರಎರಡು ವರ್ಷ. ಇದರಲ್ಲಿ ವಿಜ್ಞಾನಿಯ ಪಾಲೂ ಇದೆ, ವೈದ್ಯರ ಪಾಲೂ ಇದೆ, ಕಾನೂನಿನ ಪಾಲೂ ಇದೆ. ಹಳೆಯ ದ್ರಾವಣದ ಪಾಲು ಒಂದೇ ಒಂದು ದಿನದ್ದು.